ಜಾಲಿಯ ಅಂಟು

ಮಗಳ ಬಾಣಂತನಕ್ಕೆಂದು ಇವತ್ತು ತುಪ್ಪದಲ್ಲಿ ಅಂಟು ಹುರಿದೆ. ಅದು ಅರಳುವ ವಾಸನೆಗೆ, ಚಿಕ್ಕಂದಿನಲ್ಲಿ ನಾವಿದ್ದ ಸೌದಿಯ ಗುಡ್ಡದೂರು ಅಭಾದ ಆ ಮಧ್ಯಾಹ್ನ ಕಣ್ಣೆದುರು ಬಂತು.

ತಮ್ಮ ಹುಟ್ಟಿ ಹತ್ತು ದಿನವಾಗಿತ್ತು. ಧಾರವಾಡದಿಂದ ಬರಬೇಕಿದ್ದ ಅಜ್ಜಿಗೆ ವೀಸಾ ಸಿಕ್ಕಿರಲಿಲ್ಲ. ಅವ್ವ ಸೊಂಟ ಹಿಡಿದುಕೊಂಡೇ ಏಳುತ್ತಿದ್ದಳು. ಅಂಗಡಿಯಲ್ಲಿ ಕೊಬ್ಬರಿ, ಉತ್ತತ್ತಿ ಸಿಕ್ಕವು, ಅಂಟು ಸಿಗಲಿಲ್ಲ.

"ಈ ಸಲ ಬ್ಯಾಡ ಬಿಡ್ರಿ" ಎಂದಳು ಅವ್ವ.

"ಬಾಣಂತಿಗೆ ಅಂಟಿನುಂಡಿ ತಪ್ಪಸ್ತಾರೇನ? ಸೊಂಟಕ್ಕ ಬಲ ಎಲ್ಲಿಂದ ಬರಬೇಕ?" ಎಂದ ಅಪ್ಪ, ನನ್ನ ಕೈ ಹಿಡಿದು ಊರಾಚೆಯ ಕಣಿವೆಗೆ ನಡೆದ.

ದೇವರು ದೊಡ್ಡವನು, ತೊರೆಗಳು ನನ್ನ ಮೊಣಕಾಲು ದಾಟಿರಲಿಲ್ಲ. ಎರಡು ತೊರೆ ದಾಟಿದ ಮೇಲೆ ದಡದ ಜಾಲಿಮರಗಳಲ್ಲಿ ಜೇನುಬಣ್ಣದ ಅಂಟು ಹನಿಹನಿಯಾಗಿ ಗಟ್ಟಿಯಾಗಿತ್ತು. ಬಿಡಿಸುವಾಗ ಮುಳ್ಳು ಗೀರಿ ಅಪ್ಪನ ಕೈತುಂಬ ರಕ್ತ.

"ನಿಮ್ಮವ್ವಗ ಹೇಳಬ್ಯಾಡ" ಎಂದ.

ಮನೆಗೆ ಬಂದು ಅವನೇ ಹುರಿದ, ಬೆಲ್ಲ ಕಲಸಿದ. ಎಷ್ಟು ಒತ್ತಿದರೂ ಒಂದೂ ಉಂಡೆಯಾಗಲಿಲ್ಲ, ಎಲ್ಲ ಪುಡಿ. ಪುಡಿಯನ್ನೇ ಬಟ್ಟಲಿಗೆ ಹಾಕಿ ಕೊಟ್ಟ. ಅವ್ವ ಅವನ ಕೈಯನ್ನೊಮ್ಮೆ ನೋಡಿದಳು. ಚಮಚದಿಂದ ತಿಂದು, ತಳ ಕೆರೆದು, ಬಟ್ಟಲು ಚಾಚಿದಳು.

"ಇನ್ನಷ್ಟು ಐತೇನ್ರಿ?"

ಅಪ್ಪ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.