ಅಡ್ಡಗಾಳಿ

ಬಾಯಿಯ ಹತ್ತಿರ ಒಯ್ದ ತುಂಬಿದ ಚಮಚವನ್ನು ನರ್ಸ್ ದೊಬ್ರಿಲಾ ಹಾಗೆಯೇ ತಟ್ಟೆಗೆ ಇಳಿಸಿಬಿಟ್ಟಳು. ಸ್ತಾನಿಯಾ ಮುದುಕಿಗೆ ಕೆನ್ನೆಗೆ ಹೊಡೆದಂತಾಯಿತು. ಮನೆಗೆ ಬಂದವರು ಮೊದಲು ಒಂದು ಚಮಚ ಸ್ಲಾತ್ಕೊ ತಿಂದು ನೀರು ಕುಡಿಯಬೇಕು, ಉಳಿದ ಮಾತೆಲ್ಲ ಆಮೇಲೆ. ಸಕ್ಕರೆ ಪಾಕದಲ್ಲಿ ಇಡೀ ಪ್ಲಮ್ ಹಣ್ಣು, ಬೀಜದ ಜಾಗದಲ್ಲಿ ಅಕ್ರೋಟಿನ ಚೂರು. ಜಗಳಕ್ಕೆಂದೇ ಬರುವ ಬೀಗರು ಕೂಡ ಅವಳ ಸ್ಲಾತ್ಕೊ ಬೇಡ ಎಂದವರಲ್ಲ.

“ಯಾಕಮ್ಮಾ, ಹುಳ ಗಿಳ ಕಾಣಿಸ್ತಾ?”

“ಈಗೇನಂದ್ರಿ ಅಜ್ಜಿ? ತಾತ ಎರಡು ವಾರದಿಂದ ಇದನ್ನ ಮುಟ್ಟಿಲ್ವಾ?”

“ಹೂಂ. ಬಚ್ಚಿಟ್ರೂ ಕದ್ದು ತಿನ್ನೋ ಮನುಷ್ಯ. ಜ್ವರದ ಬಾಯಿ ನೋಡು, ರುಚಿ ಸತ್ತಿದೆ. ಮದುವೆ ಮನೇಲಿ ಎರಡು ಬಾಗಿಲ ಮಧ್ಯೆ ಕೂತ್ಕೋಬೇಡ ಅಂತ ಬಡ್ಕೊಂಡೆ, ಕೇಳಿದ್ನಾ? ಅಡ್ಡಗಾಳಿ ಹೊಡೀತು.”

ಎದುರುಬದುರು ತೆರೆದ ಬಾಗಿಲುಗಳ ನಡುವೆ ಸುಳಿಯುವ ಗಾಳಿಗಿಂತ ದೊಡ್ಡ ಶತ್ರು ಆ ಊರಿನವರಿಗೆ ಇನ್ನೊಂದಿರಲಿಲ್ಲ. ಹಾಗಾಗಿ ಸ್ತಾನಿಯಾ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಗಂಡ ಮಿಲಿಸಾವನ ಎದೆಗೆ ದಿನಕ್ಕೆರಡು ಸಲ ರಾಕಿಯಾ ಸಾರಾಯಿ ತಿಕ್ಕುತ್ತಿದ್ದಳು. ಸಂಜೆ ಏರಿದ ಜ್ವರ ಬೆಳಿಗ್ಗೆ ಬೆವರಿಟ್ಟು ಇಳಿಯುತ್ತಿತ್ತು. ಡಾಕ್ಟರಿಗೆ ಹೇಳುವಂಥದ್ದು ಅದರಲ್ಲೇನಿದೆ ಎಂದು ಅವಳ ಎಣಿಕೆ. ಮಿಲಿಸಾವನ ಹೃದಯದಲ್ಲಿ ಒಂಬತ್ತು ವರ್ಷದಿಂದ ಲೋಹದ ಕವಾಟವಿದೆ. ರಕ್ತ ಹೆಪ್ಪುಗಟ್ಟದಂತೆ ಅವನು ಮಾತ್ರೆ ನುಂಗುತ್ತಾನೆ, ಅದರ ಪರೀಕ್ಷೆಗೆ ದೊಬ್ರಿಲಾ ತಿಂಗಳಿಗೊಮ್ಮೆ ಸೈಕಲ್ ತುಳಿದುಕೊಂಡು ಬರುತ್ತಾಳೆ. ಈ ಸಲವೂ ಬಂದದ್ದು ಅಷ್ಟಕ್ಕೇ.

“ತಾತ, ಬಾಯಿ ತೆಗೀರಿ.”

“ನೀನು ಬೆರಳು ಚುಚ್ಚೋಕೆ ಬಂದೋಳು. ಚುಚ್ಚು, ಹೋಗು,” ಎಂದು ಮಿಲಿಸಾವ ತುಟಿ ಬಿಗಿದ.

ದೊಬ್ರಿಲಾ ಅವನ ಗಲ್ಲ ಹಿಡಿದು ಬಾಯಿ ತೆಗೆಸಿದಳು. ಗಪ್ಪೆಂದು ರಾಕಿಯಾ ವಾಸನೆ. ಎಡಗಡೆಯ ಕೊನೆಯಲ್ಲಿ ಕಪ್ಪಾದ ದವಡೆ ಹಲ್ಲು, ಅದರ ಬುಡದಲ್ಲಿ ಕೀವು ತುಂಬಿದ ಊತ, ಮೇಲೆ ರಾಕಿಯಾದಲ್ಲಿ ಅದ್ದಿದ ಹತ್ತಿ. ಹಲ್ಲು ಕೀಳಿಸುವ ಹೆದರಿಕೆಗೆ ಅದನ್ನು ಹೆಂಡತಿಯಿಂದಲೂ ಬಚ್ಚಿಟ್ಟಿದ್ದ ಪುಣ್ಯಾತ್ಮ. ದೊಬ್ರಿಲಾ ಅವನ ಕೈಯನ್ನು ಬೆಳಕಿಗೆ ಎಳೆದುಕೊಂಡಳು. ಮೂರು ಉಗುರುಗಳ ಕೆಳಗೆ ಸಿಬಿರು ಹೊಕ್ಕಂತೆ ಸಣ್ಣ ಕೆಂಪು ಗೀರುಗಳಿದ್ದವು.

“ಇದೇನು?”

“ಸೌದೆ ಒಡೀವಾಗ ಸಿಬಿರು ಚುಚ್ತು.”

“ಎರಡು ವಾರದಿಂದ ಮಂಚ ಬಿಟ್ಟು ಏಳದೋರು ಸೌದೆ ಯಾವಾಗ ಒಡೆದ್ರಿ?”

ಮಿಲಿಸಾವ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡ. ಅವಳು ಅವನ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು. ಆಮೇಲೆ ಯಾರನ್ನೂ ಕೇಳದೆ ಆಂಬುಲೆನ್ಸಿಗೆ ಫೋನ್ ಮಾಡಿದಳು.

“ಹಲ್ಲಿನ ಕೀವು ರಕ್ತಕ್ಕೆ ಇಳಿದಿದೆ ಅಜ್ಜಿ. ಎದೇಲಿರೋ ಕವಾಟದ ಮೇಲೆ ಹೋಗಿ ಕೂತಿದೆ ಅಂತ ನನ್ನ ಅನುಮಾನ, ಉಗುರಿನ ಕೆಳಗಿನ ಗೀರು ಅದರದ್ದೇ ಗುರುತು. ಇವತ್ತೇ ಆಸ್ಪತ್ರೆಗೆ ಸೇರಿಸ್ಬೇಕು.”

“ಭಾನುವಾರ ನಮ್ಮನೆ ದೇವರ ಹಬ್ಬ!” ಮಿಲಿಸಾವ ಎದ್ದು ಕೂತ. “ಮನೆ ಯಜಮಾನ ನಾನು. ಮೇಣದಬತ್ತಿ ಹಚ್ಚೋರು ಯಾರು? ಸೋಮವಾರ ನೋಡೋಣ.”

“ಸೋಮವಾರ ಅಜ್ಜಿ ಹಚ್ತಾರೆ ತಾತ, ಸಮಾಧಿ ಮೇಲೆ,” ಎಂದಳು ದೊಬ್ರಿಲಾ, ಫೋನು ಚೀಲಕ್ಕೆ ಹಾಕುತ್ತ.

ಸ್ತಾನಿಯಾ ಒಳಗೆ ಹೋಗಿ ಗಂಡನ ಕೋಟು ತಂದಳು. ಸಮಾಧಿಯ ಮಾತೆತ್ತಿದ ದೊಬ್ರಿಲಾಳ ಮೇಲೆ ಅವಳಿಗೆ ಮೈಯೆಲ್ಲ ಉರಿ. ಹಬ್ಬದ ದಿನ ಮೇಣದಬತ್ತಿಯ ಮುಂದೆ ಒಬ್ಬಳೇ ನಿಂತಾಗಲೂ ಅವಳನ್ನು ಶಪಿಸಿದಳು. ಮರುದಿನ ಆಸ್ಪತ್ರೆಯ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, “ಇವರನ್ನ ಕಳಿಸಿದ ಡಾಕ್ಟರ್ ಯಾರಮ್ಮಾ? ಇನ್ನೊಂದು ವಾರ ತಡವಾಗಿದ್ರೆ ನಮ್ಮ ಕೈಲಿ ಏನೂ ಆಗ್ತಿರ್ಲಿಲ್ಲ,” ಎಂದರು. “ಡಾಕ್ಟರಲ್ಲ ಸ್ವಾಮಿ, ನಮ್ಮೂರ ನರ್ಸು,” ಎನ್ನುವಾಗ ಸ್ತಾನಿಯಾಳ ದನಿಯಲ್ಲಿ ತನ್ನ ಮಗಳ ಸುದ್ದಿ ಹೇಳುವಷ್ಟು ಹೆಮ್ಮೆಯಿತ್ತು.

ಆರು ವಾರ ರಕ್ತನಾಳಕ್ಕೆ ಔಷಧ ಏರಿಸಿಕೊಂಡು, ಆ ಹಲ್ಲನ್ನೂ ಕೀಳಿಸಿಕೊಂಡು ಮಿಲಿಸಾವ ಮನೆಗೆ ಬಂದ. ಸುದ್ದಿ ತಿಳಿದು ದೊಬ್ರಿಲಾಳೂ ಬಂದಳು. ಸ್ತಾನಿಯಾ ತಟ್ಟೆ ತಂದಿಟ್ಟು ಎದುರಿಗೇ ನಿಂತಳು. ಈ ಸಲ ದೊಬ್ರಿಲಾ ಚಮಚವನ್ನು ನೆಕ್ಕಿ ಬರಿದು ಮಾಡಿ, ನೀರು ಕುಡಿದು, ವಾಡಿಕೆಯಂತೆ ಚಮಚವನ್ನು ಲೋಟಕ್ಕೆ ಹಾಕಿದಳು.

“ಅಲ್ಲ ದೊಬ್ರಿಲಾ, ಒಂದು ಚಮಚ ಸ್ಲಾತ್ಕೊ ಬೇಡ ಅಂದಿದ್ದಕ್ಕೇ ನಿನಗೆ ಅಷ್ಟೆಲ್ಲ ಹೇಗೆ ಹೊಳೀತಮ್ಮಾ?”

ದೊಬ್ರಿಲಾ ಲೋಟವನ್ನೇ ನೋಡುತ್ತ ಹೇಳಿದಳು. “ನಮ್ಮಪ್ಪನಿಗೂ ಕವಾಟ ಹಾಕಿಸಿದ್ವಿ. ಅವರೂ ಸ್ಲಾತ್ಕೊ ಬೇಡ ಅಂದ್ರು, ಸಿಹಿ ತಾಗಿದ್ರೆ ಹಲ್ಲು ಜುಮ್ಮಂತಿತ್ತು. ಆಗ ನಾನು ನರ್ಸಾಗಿ ನಾಲ್ಕು ವರ್ಷ ಆಗಿತ್ತು ಅಜ್ಜಿ. ಆದ್ರೂ ಅಡ್ಡಗಾಳಿ ಅಂದ್ಕೊಂಡು ನಾವು ಕಿಟಕಿ ಮುಚ್ಚಿದ್ವಿ.”

ಸ್ತಾನಿಯಾ ಅವಳ ತಲೆ ಸವರಿದಳು. ಆಮೇಲೆ ಹೋಗಿ ರಸ್ತೆ ಕಡೆಯ ಕಿಟಕಿ ತೆರೆದಳು, ಹಿತ್ತಿಲ ಕಡೆಯದನ್ನೂ ತೆರೆದಳು. ಪರದೆಗಳೆರಡೂ ಮೇಲೆದ್ದವು.

“ಅಡ್ಡಗಾಳಿ ಕಣೇ! ಸಾಯಿಸ್ತೀಯಾ ನನ್ನ?” ಮಿಲಿಸಾವ ಕೋಟಿನ ಕಾಲರ್ ಎಳೆದುಕೊಂಡ.

ಸ್ತಾನಿಯಾ ಅವನ ಬಾಯಿಗೆ ಒಂದು ಇಡೀ ಪ್ಲಮ್ ತುರುಕಿದಳು. “ಸುಮ್ನೆ ಅಗಿ ಮುದುಕ. ಎರಡೂ ಕಡೆ ಅಗಿ, ನಾನು ನೋಡ್ಬೇಕು.”