ಅಮ್ಮನ ಮಾತು

ಕಂಪ್ಯೂಟರ್ ಪರದೆಯ ಮೇಲೆ ‘ಅಮ್ಮನ ಮಾತು’ ಎಂಬ ಆಡಿಯೋ ಫೈಲಿನ ಹೆಸರು ಮೂಡಿದ್ದೇ ತಡ, ಡಿಸ್ಕನ್ನು ರಿಪೇರಿಗೆ ತಂದಿದ್ದ ಹೆಂಗಸು ಹೆಡ್‌ಫೋನ್ ಕಿವಿಗೇರಿಸಿಕೊಂಡಳು. ರಿಪೇರಿಯವನು ಫೈಲಿನ ಒಳಗನ್ನು ತೆರೆದು ನೋಡಿದ. ಹೆಸರು, ತಾರೀಕು, ಗಾತ್ರ ಎಲ್ಲವೂ ಸರಿಯಾಗಿದ್ದವು. ಇದು ಆಡಿಯೋ ಎಂದು ಗುರುತು ಹೇಳುವ ಮೊದಲ ಚೂರು ಬಿಟ್ಟರೆ ಒಳಗೆಲ್ಲ ಬರೀ ಸೊನ್ನೆ, ದನಿಯೇ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ, ಈ ಹಾಳು ಡಿಸ್ಕು ಮೊದಲು ಹೆಸರು ಬರೆದುಕೊಳ್ಳುತ್ತದೆ, ದನಿಯನ್ನು ಆಮೇಲೆ.

“ಹೆಸರು ಬಂತಲ್ಲ, ಕಾಪಿ ಆಯ್ತು ಅಂದ್ಕೊಂಡು ನಾನೇ ವೈರ್ ಕಿತ್ತಿದ್ದೆ ಅಣ್ಣ. ಫೋನಲ್ಲಿದ್ದದ್ದನ್ನೂ ಅಳಿಸಿಬಿಟ್ಟಿದ್ದೆ. ಅಮ್ಮ ಹೋದ್ಮೇಲೆ ಇದೊಂದೇ ಉಳಿದಿರೋದು. ಸದ್ಯ, ಸಿಕ್ತು.”

ಹೇಳಿಬಿಡೋಣವೆಂದು ಅವನು ಬಾಯಿ ತೆರೆದ. ಅವಳು ಕಣ್ಣು ಮುಚ್ಚಿ, ಕೈಯೆತ್ತಿ ತಡೆದಳು. ಪರದೆಯಲ್ಲಿ ಓಡುತ್ತಿದ್ದ ಗೆರೆ ಅರ್ಧ ದಾಟಿತು.

“ಅಮ್ಮ ಹಾಗೇನೆ,” ಎಂದಳು ಮೆಲ್ಲಗೆ, “ಮಾತು ಶುರು ಮಾಡೋಕೆ ಮುಂಚೆ ತುಂಬ ಹೊತ್ತು ಸುಮ್ನಿರ್ತಿದ್ಲು.”