ತಾತ ಬೀಸಣಿಗೆ ಹಿಡಿದ ಭಾನುವಾರ

ಎರಡು ಹಂದಿಮರಿ, ಒಂದು ಬುಟ್ಟಿ ಕೆಸುವಿನ ಗೆಡ್ಡೆ, ಬಿಳಿ ಬಟ್ಟೆಗೆ ಇನ್ನೂರು ತಾಲಾ ಹಣ. ಮಕ್ಕಳ ಹಬ್ಬಕ್ಕೆ ಯೋಸೆಫಾ ತಾತ ಇಷ್ಟು ಖರ್ಚು ಮಾಡಿದ್ದರು. ಸಮೋವಾದಲ್ಲಿ ವರ್ಷಕ್ಕೆ ಇದೊಂದು ಭಾನುವಾರ ಮೊದಲ ಪಂಕ್ತಿ ಮಕ್ಕಳದು. ನೆಂಟರ ಮಕ್ಕಳೂ ಮೇಜಿಗೆ ಕೂತರು. ತಾತ ಬಡಿಸಿ, ಬೀಸಣಿಗೆಯಿಂದ ನೊಣ ಓಡಿಸುತ್ತ ನಿಂತರು. ಉಳಿದ ಭಾನುವಾರಗಳಲ್ಲಿ ಹಾಗೆ ನಿಲ್ಲುವವಳು ಮೊಮ್ಮಗಳು ತಿರೇಸಾ. ಹಿರಿಯರ ಹರಟೆ ಮುಗಿಯುವ ಹೊತ್ತಿಗೆ ಅವಳ ಪಾಲಿನ ಊಟ ಆರಿಹೋಗಿರುತ್ತಿತ್ತು.

ಅಂದು ಒಂದು ಗಂಟೆ ಕಳೆದರೂ ಮಕ್ಕಳು ಊಟದಿಂದ ಏಳಲಿಲ್ಲ. ತಾತನ ಹೊಟ್ಟೆ ಗುರುಗುಟ್ಟಿತು.

"ಬೇಗ ತಿಂದು ಏಳ್ರೋ, ಎಲ್ಲಾ ಆರಿಹೋಗ್ತಿದೆ!"

ತಿರೇಸಾ ತಲೆಯೆತ್ತಲಿಲ್ಲ. "ಸುಮ್ನಿರು ತಾತ, ದೊಡ್ಡೋರು ಮಾತಾಡ್ತಿದೀವಿ."

ಪ್ರತಿ ವಾರ ತಾತ ಆಡುವ ಮಾತದು. ಅಡುಗೆಮನೆಯಲ್ಲಿ ಅಜ್ಜಿ ಬಿದ್ದು ಬಿದ್ದು ನಕ್ಕರು. ತಡೆಯಲಾಗದೆ ತಾತನೂ ನಕ್ಕರು. ಅಂದು ಅವರಿಗೆ ಸಿಕ್ಕಿದ್ದು ಆರಿದ ಮಾಂಸ. ಮುಂದಿನ ಭಾನುವಾರ ತಾತ ಅರ್ಧ ಗಂಟೆಯಲ್ಲೇ ಊಟ ಮುಗಿಸಿ ಎದ್ದರು. ಮಕ್ಕಳಿಗೆ ಬಿಸಿ ಊಟ ಸಿಕ್ಕಿತು.